ಕರೆಂಟಿಲ್ಲದ ಹೊತ್ತಿಗೊಂದು ಕೈಪಂಪು



2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನಲ್ಲಿ ಸುರಿದ ಮಳೆ ನಿಮಗೆ ನೆನಪಿರಬಹುದು. ಹೊರವರ್ತುಲ ರಸ್ತೆಯ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಊರೆಲ್ಲ ನೀರಿನಲ್ಲಿ ನಿಂತಿದ್ದ ಆ ದಿನಗಳಲ್ಲೇ ನಗರದ ಎಷ್ಟೋ ಬಡಾವಣೆಗಳ ನಲ್ಲಿಯಲ್ಲಿ ಒಂದು ಹನಿ ಬರಲಿಲ್ಲ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಹಳ್ಳ ಉಕ್ಕಿ, ನಮಗೆ ಕಾವೇರಿ ನೀರು ಎತ್ತಿ ಕಳಿಸುವ ಪಂಪ್‌ಹೌಸಿನೊಳಕ್ಕೇ ನೀರು ನುಗ್ಗಿತ್ತು. ಯಂತ್ರಗಳು ನಿಂತವು. ಸುಮಾರು ನೂರು ಕಿಲೋಮೀಟರ್ ದೂರದಿಂದ, 500 ಮೀಟರಿನಷ್ಟು ಎತ್ತರಕ್ಕೆ, ಮೂರು ಹಂತಗಳಲ್ಲಿ ಏರಿ ಬರುವ ನೀರು ನಮ್ಮದು. ಆ ದಾರಿಯಲ್ಲಿ ಎಲ್ಲಿ ಏನು ಕೆಟ್ಟರೂ ಇಲ್ಲಿ ನಮ್ಮ ಬಿಂದಿಗೆ ಖಾಲಿ.

ಅಷ್ಟು ದೂರದ ಮಾತೇಕೆ? ನಮ್ಮ ಮನೆಯ ಅಂಗಳದಲ್ಲೇ ಬಾವಿ ಇರುತ್ತದೆ, ಬೋರು ಇರುತ್ತದೆ, ಸಂಪಿನ ತುಂಬ ನೀರಿರುತ್ತದೆ. ಟ್ರಾನ್ಸ್‌ಫಾರ್ಮರ್ ಕೆಟ್ಟು ಅರ್ಧ ದಿನ ಕರೆಂಟು ಹೋದರೆ ಆ ನೀರು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಇಂಥ ಹೊತ್ತಿಗೆಂದು ಮನೆಯ ಬಾವಿಗೆ ಒಂದು ಕೈಪಂಪು ಕೂರಿಸುವುದು ಹೇಗೆ, ಎಲ್ಲಿ ಅದು ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂಬುದನ್ನು ಈ ಹೊತ್ತು ನಿಮ್ಮ ಮುಂದೆ ಇಡುತ್ತೇನೆ.

ಹೇರೋಹಳ್ಳಿಯನ್ನೇ ಮುಂದಿಟ್ಟುಕೊಂಡು ಮಾತಾಡೋಣ. ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ದಾಟಿ ಬ್ಯಾಡರಹಳ್ಳಿ ಕಡೆಗೆ ಹೋಗುವಾಗ ಸಿಗುವ ಊರು. ಕೆರೆ ಇದೆ, ಹಳೇ ಊರಿದೆ, ಸುತ್ತ 30×40ರ ಸೈಟುಗಳ ಬಡಾವಣೆಗಳಿವೆ. ಇದೇ ರಸ್ತೆ ಹಿಡಿದು ಮುಂದೆ ಹೋದರೆ, 1933ರಿಂದ ಬೆಂಗಳೂರಿಗೆ ನೀರು ಕೊಟ್ಟ ತಿಪ್ಪಗೊಂಡನಹಳ್ಳಿ ಜಲಾಶಯ. ನಗರದ ಕುಡಿಯುವ ನೀರಿನ ಪೈಪು ಒಂದು ಕಾಲಕ್ಕೆ ಈ ದಿಕ್ಕಿನಿಂದಲೇ ಬರುತ್ತಿದ್ದರೂ ಇಲ್ಲಿನ ಹಳ್ಳಿಗಳು ಬಾವಿ, ಬೋರುಗಳನ್ನು ನಂಬಿಯೇ ಬದುಕಿದವು. 2007ರಲ್ಲಿ ಬಿಬಿಎಂಪಿ ರಚನೆಯಾದಾಗ ನಗರದೊಳಗೆ ಬಂದ 110 ಹಳ್ಳಿಗಳ ಸಾಲಿಗೆ ಹೇರೋಹಳ್ಳಿಯೂ ಸೇರಿತು. ಆ ಹಳ್ಳಿಗಳಿಗಾಗಿಯೇ ಕಾವೇರಿ ಐದನೇ ಹಂತದ ಯೋಜನೆ ಬಂತು. ದಿನಕ್ಕೆ 77.5 ಕೋಟಿ ಲೀಟರ್ ತರುವ ಆ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಅದೇ ವರ್ಷದ ಬೇಸಿಗೆಯಲ್ಲಿ ಬೆಂಗಳೂರು ಕಂಡ ಬವಣೆಯನ್ನು ಯಾರೂ ಮರೆತಿಲ್ಲ. ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳ ಪೈಕಿ 6,900 ಬತ್ತಿವೆಯೆಂದು ಸರ್ಕಾರವೇ ಹೇಳಿತು.

ಹಗ್ಗ ಹಾಕಿ ನೀರು ಸೇದುತ್ತಿದ್ದ ಕಾಲದಲ್ಲಿ ಬಾವಿಯ ಆಳ ಮನೆಯವರಿಗೆಲ್ಲ ಗೊತ್ತಿರುತ್ತಿತ್ತು. ಬೇಸಿಗೆ ಬಂತೆಂದರೆ ಹಗ್ಗಕ್ಕೆ ಇನ್ನೊಂದು ಮಾರು ಗಂಟು ಹಾಕಬೇಕು. ಮಳೆ ಬಿದ್ದರೆ ಆ ಗಂಟು ಬಿಚ್ಚಬೇಕು. ತೋಳಿಗೆ ಗೊತ್ತಾಗುತ್ತಿದ್ದ ಲೆಕ್ಕ ಅದು. ಮೋಟರು ಬಂತು, ಗೋಡೆಯ ಮೇಲೊಂದು ಸ್ವಿಚ್ಚು ಬಂತು. ನೀರು 20 ಅಡಿಯಲ್ಲಿದ್ದರೂ ಅದೇ ಸ್ವಿಚ್ಚು, 600 ಅಡಿಯಲ್ಲಿದ್ದರೂ ಅದೇ ಸ್ವಿಚ್ಚು. ನಿಮ್ಮ ಬಾವಿಯಲ್ಲಿ ನೀರು ಎಷ್ಟು ಕೆಳಗಿದೆ ಎಂದು ಇವತ್ತು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ತಲೆ ಕೆರೆದುಕೊಳ್ಳುತ್ತಾರೆ. ಕೈಪಂಪಿನ ವಿಷಯದಲ್ಲಿ ಮಾತ್ರ ಈ ಪ್ರಶ್ನೆಗೆ ಉತ್ತರ ಸಿಗದೆ ಒಂದು ಹೆಜ್ಜೆಯೂ ಮುಂದಿಡುವ ಹಾಗಿಲ್ಲ. ಬಾವಿ ಎಷ್ಟು ಅಡಿ ತೋಡಿದೆ ಎಂಬುದು ಇಲ್ಲಿ ಮುಖ್ಯವಲ್ಲ. ನೀರು ಎಷ್ಟು ಅಡಿ ಕೆಳಗೆ ನಿಂತಿದೆ ಎಂಬುದು ಮುಖ್ಯ.

ಅಳೆಯುವುದು ಸುಲಭ. ಸೇದುಬಾವಿಯಾದರೆ ಒಂದು ಸಣ್ಣ ಸ್ಟೀಲ್ ಲೋಟ ತೆಗೆದುಕೊಳ್ಳಿ. ಅದರ ತಳಕ್ಕೆ ತೂತು ಕೊರೆದು ದಾರ ಪೋಣಿಸಿ, ಲೋಟ ಬೋರಲಾಗಿ ನೇತಾಡುವಂತೆ ಗಂಟು ಹಾಕಿ. ದಾರವನ್ನು ಮೆಲ್ಲಗೆ ಇಳಿಸುತ್ತಾ ಹೋಗಿ. ಬೋರಲು ಲೋಟದ ಬಾಯಿ ನೀರಿಗೆ ತಾಗುತ್ತಿದ್ದ ಹಾಗೆ ಒಳಗಿನ ಗಾಳಿ ಸಿಕ್ಕಿಕೊಂಡು ‘ಗುಳುಕ್’ ಎಂದು ಸದ್ದಾಗುತ್ತದೆ. ಕತ್ತಲ ಬಾವಿಯಾದರೂ ಆ ಸದ್ದು ಮೇಲಕ್ಕೆ ಚೆನ್ನಾಗಿ ಕೇಳಿಸುತ್ತದೆ. ಕಟ್ಟೆಯ ಮಟ್ಟಕ್ಕೆ ದಾರ ಹಿಡಿದು, ಎಳೆದುಕೊಂಡು, ಟೇಪಿನಲ್ಲಿ ಅಳೆಯಿರಿ. ಏಪ್ರಿಲ್-ಮೇ ತಿಂಗಳಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಅಳೆದು ಗೋಡೆಯ ಮೇಲೆ ತಾರೀಖು ಸಮೇತ ಬರೆದಿಡಿ. ಪಂಪಿನ ಲೆಕ್ಕ ಹಾಕಬೇಕಾದದ್ದು ಬೇಸಿಗೆಯ ಅಳತೆಯ ಮೇಲೆ. ಮೋಟರು ಇಳಿಸಿರುವ ಕೊಳವೆಬಾವಿಗೆ ಈ ಲೋಟದ ಉಪಾಯ ಬೇಡ, ಕೇಬಲ್ಲಿಗೆ ಸಿಕ್ಕಿಕೊಂಡೀತು. ಅಲ್ಲಿ ಬೋರಿನ ಮೆಕ್ಯಾನಿಕ್ಕನ್ನೇ ಕರೆಸಿ ಅಳೆಸಬೇಕು.

ಅಳತೆ ಕೈಗೆ ಬಂದ ಮೇಲೆ ದಾರಿ ಎರಡಾಗಿ ಒಡೆಯುತ್ತದೆ.

ನೀರು 20 ಅಡಿಯೊಳಗಿದ್ದರೆ ಹೀರುವ ಪಂಪು ಸಾಕು. ಬೀಡು ಕಬ್ಬಿಣದ ಗಿಡ್ಡ ಪಂಪು. ಪಿಸ್ಟನ್ ಮೇಲೆಯೇ ಇರುತ್ತದೆ, ಕೆಳಕ್ಕೆ ಒಂದು ಪೈಪು ಮಾತ್ರ ಇಳಿಯುತ್ತದೆ. ಎಳನೀರಿಗೆ ಕೊಳವೆ ಹಾಕಿ ಹೀರಿದ ಹಾಗೆ ಇದು ಕೆಲಸ ಮಾಡುತ್ತದೆ. ನಾವು ಪೈಪಿನೊಳಗಿನ ಗಾಳಿ ತೆಗೆಯುತ್ತೇವೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ತಳ್ಳುತ್ತದೆ. ಆ ತಳ್ಳುವಿಕೆಗೆ ಒಂದು ಮಿತಿ ಇದೆ. ಇಂಥ ಪಂಪು ಒಂದು ಎತ್ತರ ದಾಟಿ ನೀರು ಎತ್ತುವುದಿಲ್ಲವೆಂಬ ಸಂಗತಿ ಇಟಲಿಯ ಗೆಲಿಲಿಯೋನ 1638ರ ಗ್ರಂಥದಲ್ಲೇ ಬರುತ್ತದೆ. ಅವನ ಶಿಷ್ಯ ಟೊರಿಚೆಲ್ಲಿ 1643ರಲ್ಲಿ ಪಾದರಸದ ಕೊಳವೆಯಿಂದ ಅದರ ಗುಟ್ಟು ಬಿಡಿಸಿದ. ಸಮುದ್ರ ಮಟ್ಟದಲ್ಲಿ ಗಾಳಿ ಎತ್ತಬಲ್ಲ ನೀರಿನ ಕಂಬ 10.3 ಮೀಟರ್. ಬೆಂಗಳೂರು ಇರುವುದು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲೆ. ಇಲ್ಲಿ ಗಾಳಿ ತೆಳು. ಲೆಕ್ಕಕ್ಕೆ ಒಂಬತ್ತು ಮೀಟರಿಗೆ ಸ್ವಲ್ಪ ಮೇಲೆ ಸಿಗುತ್ತದೆ. ಕೀಲು, ವಾಶರುಗಳ ಸೋರಿಕೆ ಕಳೆದರೆ ಕೈಗೆ ನಿಜವಾಗಿ ದಕ್ಕುವುದು ಆರು ಮೀಟರ್, ಅಂದರೆ 20 ಅಡಿ. ಮಂಗಳೂರಿನಲ್ಲಿ 24 ಅಡಿಯಿಂದ ಎತ್ತಿದ ಪಂಪು ಇಲ್ಲಿ ಎತ್ತದೆ ಹೋದರೆ ಅಂಗಡಿಯವರನ್ನು ಬೈದು ಫಲವಿಲ್ಲ.

ನೀರು 20 ಅಡಿಗಿಂತ ಕೆಳಗಿದ್ದರೆ ಹೀರುವ ಆಟ ನಡೆಯುವುದಿಲ್ಲ, ಎತ್ತುವ ಪಂಪೇ ಬೇಕು. ಇದರಲ್ಲಿ ಪಿಸ್ಟನ್ ಇರುವ ಸಿಲಿಂಡರು ಬಾವಿಯೊಳಗೆ ನೀರಿನಲ್ಲೇ ಮುಳುಗಿರುತ್ತದೆ. ಮೇಲಿನ ಹಿಡಿ ಒತ್ತಿದರೆ ಪೈಪಿನೊಳಗಿನ ಕಬ್ಬಿಣದ ಸರಳು ಪಿಸ್ಟನ್ನನ್ನು ಮೇಲಕ್ಕೆಳೆಯುತ್ತದೆ, ಅದರ ತಲೆಯ ಮೇಲಿನ ನೀರೆಲ್ಲ ಅರ್ಧ ಗೇಣಿನಷ್ಟು ಮೇಲೇರುತ್ತದೆ. ನಮ್ಮ ಹಳ್ಳಿಗಳ ಶಾಲೆ ಮುಂದೆ, ಗುಡಿ ಮುಂದೆ ನಿಂತಿದ್ದ, ಜನ ‘ಬೋರಿಂಗು’ ಎಂದೇ ಕರೆಯುತ್ತಿದ್ದ ಪಂಪು ಇದೇ. ಅದರ ಸರ್ಕಾರಿ ಹೆಸರು ಇಂಡಿಯಾ ಮಾರ್ಕ್-2.

ಈ ಪಂಪಿನ ಹಿಂದೊಂದು ಕಥೆಯಿದೆ. 1960-70ರ ದಶಕದಲ್ಲಿ ಹಳ್ಳಿಗಳಿಗೆ ಹಾಕಿದ ಪಂಪುಗಳು ವಿದೇಶದಲ್ಲಿ ಒಂದೊಂದು ಮನೆಯವರು ಬಳಸುತ್ತಿದ್ದ ಬೀಡು ಕಬ್ಬಿಣದ ಪಂಪುಗಳ ನಕಲು. ಇಲ್ಲಿ ಒಂದು ಪಂಪಿನ ಮುಂದೆ ಊರಿಗೆ ಊರೇ ಕೊಡ ಹಿಡಿದು ನಿಲ್ಲುತ್ತಿತ್ತು. ಅವು ತಾಳಲಿಲ್ಲ, ಹೆಚ್ಚಿನವು ಕೆಟ್ಟು ನಿಂತವು. ಆಗ ದಾರಿ ತೋರಿಸಿದ್ದು ಕನ್ನಡದ ಮಾತು ಬೀದಿಬೀದಿಯಲ್ಲಿ ಕೇಳಿಸುವ ಸೊಲ್ಲಾಪುರ. ಅಲ್ಲಿ ತಯಾರಾದ ಉಕ್ಕಿನ ಪಂಪು ಗಟ್ಟಿಯಾಗಿತ್ತು. ಅದರ ತಲೆಯಲ್ಲಿದ್ದ ಸರಪಳಿ ಸರಳನ್ನು ಓರೆಯಾಗಲು ಬಿಡದೆ ನೆಟ್ಟಗೆ ಎಳೆಯುತ್ತಿತ್ತು. ಯುನಿಸೆಫ್, ಭಾರತ ಸರ್ಕಾರ ಮತ್ತು ಮದ್ರಾಸಿನ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಕಾರ್ಖಾನೆ ಅದನ್ನೇ ತಿದ್ದಿ ತೀಡಿ, ಕೊಯಮತ್ತೂರಿನ ಕಡೆ ಬಳಸಿ ನೋಡಿ, 1970ರ ದಶಕದ ಕೊನೆಗೆ ಮಾರ್ಕ್-2 ಮಾಡಿದವು. ಮುಂದೆ ಅದು ಆಫ್ರಿಕದ ಹಳ್ಳಿಗಳಿಗೂ ಹೋಯಿತು. ಕರ್ನಾಟಕದಲ್ಲಿ ಇದನ್ನು ಮನೆಮಾತಾಗಿಸಿದವರು ಅಬ್ದುಲ್ ನಜೀರ್ ಸಾಬ್. 1983ರ ನಂತರದ ಬರದ ವರ್ಷಗಳಲ್ಲಿ, ರಾಮಕೃಷ್ಣ ಹೆಗಡೆಯವರ ಸರ್ಕಾರದ ಗ್ರಾಮೀಣಾಭಿವೃದ್ಧಿ ಸಚಿವರಾಗಿ ಅವರು ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದರು. ಜನ ಅವರಿಗೆ ಕೊಟ್ಟ ಹೆಸರು ನೀರ್ ಸಾಬ್. ಆ ಕಾಲದ ಅಂತರ್ಜಲ ಕೈಗೆಟಕುವಷ್ಟು ಮೇಲಿತ್ತು, ಅದಕ್ಕೇ ಒಬ್ಬ ಹೆಂಗಸು ಒಂದು ಕೊಡ ಹಿಡಿದು ಬಂದು ನೀರು ಹೊಡೆದುಕೊಂಡು ಹೋಗುವುದು ಸಾಧ್ಯವಾಯಿತು.

ಇದರ ಶಕ್ತಿ ಎಷ್ಟು? ಮಾರ್ಕ್-2ರ ಸಿಲಿಂಡರಿನ ಒಳ ಅಗಲ ಎರಡೂವರೆ ಇಂಚು. ನೀರು 100 ಅಡಿ ಕೆಳಗಿದ್ದರೆ ಪಿಸ್ಟನ್ನಿನ ಮೇಲೆ ಬೀಳುವ ನೀರಿನ ಭಾರ ಸುಮಾರು 95 ಕಿಲೋ. ಹಿಡಿಯ ಸನ್ನೆ ಒಂದಕ್ಕೆ ಎಂಟು, ಹಾಗಾಗಿ ಕೈಗೆ ತಾಗುವುದು 12 ಕಿಲೋದಷ್ಟು. ನಿಮಿಷಕ್ಕೆ 40 ಸಲ ಹೊಡೆದರೆ 12 ಲೀಟರ್ ನೀರು. ಐದು ಜನರ ಮನೆಗೆ ಕುಡಿಯಲು, ಅಡಿಗೆಗೆ, ಕೈಕಾಲು ತೊಳೆಯಲು, ಕಕ್ಕಸಿಗೆ ಅಂತ ತಲೆಗೆ 15 ಲೀಟರ್ ಹಿಡಿದರೂ 75 ಲೀಟರ್ ಆಯಿತು. ಆರೇಳು ನಿಮಿಷದ ಕೆಲಸ. ಸುಮಾರು 150 ಅಡಿವರೆಗೆ ಈ ಪಂಪು ಸರಾಗ. ಅದಕ್ಕೂ ಕೆಳಗಿಂದ ಎತ್ತುವ ಮಾದರಿಗಳಿವೆ, ಆದರೆ ಮನೆಮಂದಿಗೆ ಅದು ತ್ರಾಸದ ಕೆಲಸ. ನೀರು ನಾನೂರು ಐನೂರು ಅಡಿಯಲ್ಲಿದ್ದರೆ ಕೈಪಂಪಿನ ಆಸೆ ಬಿಟ್ಟುಬಿಡಿ, ಯಾರು ಎಷ್ಟೇ ಭರವಸೆ ಕೊಟ್ಟರೂ ದುಡ್ಡು ಕೊಡಬೇಡಿ.

ಈಗ ಕೂರಿಸುವ ವಿಚಾರ. ಅಜ್ಜನ ಕಾಲದ ಸೇದುಬಾವಿ ಮನೆಯಲ್ಲಿದ್ದರೆ ನೀವೇ ಭಾಗ್ಯವಂತರು. ಮೊದಲು ಬಾವಿಯ ಹೂಳೆತ್ತಿಸಿ. ಬಾವಿಗೆ ಇಳಿಯುವ ಕೆಲಸ ಪಳಗಿದವರದು. ಬಹಳ ದಿನ ಮುಚ್ಚಿದ್ದ ಬಾವಿಯಲ್ಲಿ ಉಸಿರುಗಟ್ಟಿಸುವ ಗಾಳಿ ನಿಂತಿರುತ್ತದೆ, ಹಾಗೇ ಇಳಿದು ಜೀವ ಕಳೆದುಕೊಂಡವರಿದ್ದಾರೆ. ಗಾಳಿ ಆಡಿಸದೆ, ಸೊಂಟಕ್ಕೆ ಹಗ್ಗ ಕಟ್ಟದೆ, ಮೇಲೆ ಆಳು ನಿಲ್ಲಿಸದೆ ಯಾರನ್ನೂ ಇಳಿಸಬೇಡಿ. ಬೆಂಗಳೂರಿನ ಸುತ್ತ ತಲೆತಲಾಂತರದಿಂದ ಬಾವಿ ತೋಡುತ್ತಾ ಬಂದ ಮಣ್ಣುವಡ್ಡರ ಕುಟುಂಬಗಳಿವೆ. ಕಬ್ಬನ್ ಪಾರ್ಕಿನ ಹಳೆಯ ಬಾವಿಗಳಿಗೆ ಮರುಜೀವ ಕೊಟ್ಟದ್ದೂ ಅವರ ಕೈಗಳೇ.

ಆಮೇಲೆ ಬಾವಿಯ ಬಾಯಿಗೆ ಕಾಂಕ್ರೀಟ್ ಚಪ್ಪಡಿ ಹಾಕಿಸಿ. ಒಂದು ಬದಿಯಲ್ಲಿ ಆಳು ಇಳಿಯುವಷ್ಟು ಬಾಯಿ ಬಿಟ್ಟು ಅದಕ್ಕೆ ಬೀಗ ಹಾಕುವ ಮುಚ್ಚಳ ಇರಲಿ. ಪಂಪಿನ ಪೀಠದ ಬೋಲ್ಟುಗಳನ್ನು ಚಪ್ಪಡಿ ಎರಕ ಹೊಯ್ಯುವಾಗಲೇ ಕೂರಿಸಬೇಕು. ಆಮೇಲೆ ಕೊರೆದು ಕೂರಿಸಿದ ಬೋಲ್ಟು ಹಿಡಿ ಹೊಡೆದಂತೆ ಅಲ್ಲಾಡತೊಡಗುತ್ತದೆ. ಸಿಲಿಂಡರು ಬೇಸಿಗೆಯ ನೀರಿನ ಮಟ್ಟಕ್ಕಿಂತ ಹತ್ತಡಿಯಾದರೂ ಕೆಳಗಿರಲಿ, ಆದರೆ ತಳಕ್ಕೆ ತಾಗದಿರಲಿ. ತಾಗಿದರೆ ಕೆಸರು ಎಳೆದುಕೊಂಡು ವಾಶರು ಸವೆಯುತ್ತದೆ. ಒಂದೂಕಾಲು ಇಂಚಿನ ಜಿಐ ಪೈಪು 20 ಅಡಿಗೆ ಹೆಚ್ಚುಕಡಿಮೆ 20 ಕಿಲೋ ತೂಗುತ್ತದೆ. ಇಳಿಸುವಾಗ ಕ್ಲ್ಯಾಂಪ್ ಜಾರಿದರೆ ಇಡೀ ಸಾಲು ತಳಕ್ಕೆ. ಬಿದ್ದ ಬಿಂದಿಗೆ ತೆಗೆಯುವ ಪಾತಾಳಗರಡಿಗೆ ಅದು ಬಗ್ಗುವುದಿಲ್ಲ. ಪ್ರತಿ ಕೀಲಿಗೂ ನೂಲು ಸುತ್ತಿ ಬಿಗಿ ಮಾಡಿಸಿ. ಸುತ್ತ ಆರಡಿ ಅಗಲದ ಸಿಮೆಂಟು ಕಟ್ಟೆ, ಚೆಲ್ಲಿದ ನೀರು ದೂರ ಹರಿಯಲು ಒಂದು ಕಾಲುವೆ. ಈ ಕಟ್ಟೆ ಇಲ್ಲದಿದ್ದರೆ ಕಾಲು ತೊಳೆದ ನೀರು ಮತ್ತೆ ಬಾವಿಗೇ ಇಳಿಯುತ್ತದೆ.

ಕೊಳವೆಬಾವಿಯಲ್ಲಿ ಸಬ್‌ಮರ್ಸಿಬಲ್ ಮೋಟರಿನ ಜೊತೆಗೇ ಕೈಪಂಪೂ ಇರಬಹುದೇ ಎಂದು ಬಹಳ ಜನ ಕೇಳುತ್ತಾರೆ. ಆರು ಇಂಚಿನ ಬೋರು ನೆಟ್ಟಗಿದ್ದರೆ, ನೀರು 150 ಅಡಿಯೊಳಗಿದ್ದರೆ ಆಗುತ್ತದೆ. ಮೋಟರು ಕೆಳಗೆ, ಕೈಪಂಪಿನ ಸಿಲಿಂಡರು ಅದಕ್ಕಿಂತ ಸಾಕಷ್ಟು ಮೇಲೆ. ಅಪಾಯವಿರುವುದು ಕೇಬಲ್ಲಿಗೆ. ಹಿಡಿ ಹೊಡೆದಾಗಲೆಲ್ಲ ಪೈಪು ಅದುರುತ್ತದೆ, ಅದಕ್ಕೆ ಉಜ್ಜಿ ಉಜ್ಜಿ ಕೇಬಲ್ಲಿನ ಸಿಪ್ಪೆ ಹೋದರೆ ನೀರಿಗೇ ಕರೆಂಟು. ಆದ್ದರಿಂದ ಕೇಬಲ್ಲನ್ನು ಮೋಟರಿನ ಪೈಪಿಗೆ ಬಿಗಿಯಾಗಿ ಕಟ್ಟಿಸಿ, ಅರ್ತಿಂಗ್ ಸರಿಯಿದೆಯೇ ನೋಡಿಸಿ. ಒಂದು ಕೆಟ್ಟರೆ ಎರಡನ್ನೂ ಮೇಲೆತ್ತಬೇಕಾಗಬಹುದು, ಆ ಖರ್ಚೂ ಲೆಕ್ಕದಲ್ಲಿರಲಿ. ಬತ್ತಿದ ಬೋರು ಇದ್ದರೆ ಇವತ್ತೇ ಅದರ ಬಾಯಿ ಮುಚ್ಚಿಸಿ. ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ 2024ರ ಏಪ್ರಿಲ್‌ನಲ್ಲಿ ಕೊಳವೆಬಾವಿಗೆ ಬಿದ್ದ ಪುಟ್ಟ ಮಗು ಸುಮಾರು 20 ಗಂಟೆಗಳ ನಂತರ ಜೀವಂತವಾಗಿ ಮೇಲೆ ಬಂತು. ಹಾಗೆ ಬದುಕಿ ಬರದ ಮಕ್ಕಳೂ ನಮ್ಮ ರಾಜ್ಯದಲ್ಲಿದ್ದರು.

ಬಾವಿಯೂ ಇಲ್ಲ, ಬೋರಿನ ನೀರು ಪಾತಾಳದಲ್ಲಿದೆ, ಹಾಗಾದರೆ? ಹೇರೋಹಳ್ಳಿಯ ಹೊಸ ಬಡಾವಣೆಗಳ ಹೆಚ್ಚಿನ ಮನೆಗಳ ಸ್ಥಿತಿ ಇದೇ. ಇವರಿಗೆ ಸಂಪೇ ಬಾವಿ. ಕಾವೇರಿಯದಾಗಲಿ, ಟ್ಯಾಂಕರಿನದಾಗಲಿ, ನೀರು ಸಂಪಿನಲ್ಲಿರುವುದು ಎಂಟಡಿ ಆಳದೊಳಗೆ. ಕರೆಂಟು ಹೋದಾಗ ಜನ ಮುಚ್ಚಳ ತೆಗೆದು ಬಕೆಟ್ಟು ಇಳಿಬಿಡುತ್ತಾರೆ. ಕಸ ಬೀಳುತ್ತದೆ, ಮಕ್ಕಳು ಬೀಳುವ ಭಯ ಬೇರೆ. ಅದರ ಬದಲು ಸಂಪಿನ ಪಕ್ಕದಲ್ಲಿ ಒಂದು ಗಿಡ್ಡ ಹೀರುಪಂಪು, ಒಂದು ಪೈಪು, ತುದಿಗೊಂದು ಫುಟ್‌ವಾಲ್ವ್. ಇಷ್ಟು ಸಾಕು, ಅರ್ಧ ದಿನದ ಪ್ಲಂಬರ್ ಕೆಲಸ. ಮಾಳಿಗೆಯ ಮೇಲಿನ ಟ್ಯಾಂಕು ತುಂಬಿಸುವ ಹಟ ಬೇಡ, ಕೆಳಗೇ ಬಿಂದಿಗೆಗೆ ಹಿಡಿಯಿರಿ. ಪಂಪಿನ ಪೈಪನ್ನು ಜಲಮಂಡಳಿಯ ಕೊಳಾಯಿಗೆ ನೇರ ಸೇರಿಸುವುದಂತೂ ಕೂಡದು.

ನೀರಿನ ಶುಚಿಯ ಬಗ್ಗೆ ಎರಡು ಮಾತು. ಬಾವಿಗೂ ಕಕ್ಕಸು ಗುಂಡಿಗೂ ಕನಿಷ್ಠ 50 ಅಡಿ ದೂರವಿರಬೇಕೆಂದು ಆರೋಗ್ಯಶಾಸ್ತ್ರ ಹೇಳುತ್ತದೆ. 30×40ರ ಸೈಟಿನಲ್ಲಿ 50 ಅಡಿ ಎಲ್ಲಿಂದ ತರೋಣ? ಹಾಗಾಗಿ ನಗರದ ಬಾವಿ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಬೇಡಿ. ಕೊಳಚೆಯಿಂದ ಇಳಿಯುವ ನೈಟ್ರೇಟು ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಅದು ಕಾಯಿಸಿದರೂ ಹೋಗುವುದಿಲ್ಲ. ರೋಗಾಣುಗಳಿಗೆ ಬ್ಲೀಚಿಂಗ್ ಪುಡಿ ಇದೆ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕ. ಮೂರಡಿ ಅಗಲದ ರಿಂಗ್ ಬಾವಿಯಲ್ಲಿ ಹತ್ತಡಿ ನೀರಿದ್ದರೆ ಸುಮಾರು ಎರಡು ಸಾವಿರ ಲೀಟರ್, ಅಂದರೆ ಐದು ಗ್ರಾಂ. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಬಾವಿಗೆ ಸುರಿದು, ಒಂದು ಗಂಟೆ ಬಿಟ್ಟು ಬಳಸಿ. ಪಂಪು ಇಳಿಸಿದ ದಿನ ಮಾತ್ರ ಇನ್ನಷ್ಟು ಗಟ್ಟಿಯಾಗಿ ಹಾಕಿ, ರಾತ್ರಿಯೆಲ್ಲ ಬಿಟ್ಟು, ವಾಸನೆ ಹೋಗುವವರೆಗೆ ಹೊಡೆದು ಚೆಲ್ಲಬೇಕು.

ಕೂರಿಸಿದ ಪಂಪನ್ನು ಮರೆತುಬಿಟ್ಟರೆ ಬೇಕಾದ ದಿನ ಅದು ಕೈಕೊಡುತ್ತದೆ. ಚರ್ಮದ ವಾಶರು ಒಣಗಿ ಕುಗ್ಗುತ್ತದೆ, ಸರಪಳಿ ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆ ಗಿಡಗಳಿಗಾದರೂ ಆ ಪಂಪಿನಲ್ಲೇ ನೀರು ಹೊಡೆಯಿರಿ. ಹೀರುಪಂಪಾದರೆ ಮೊದಲು ತಲೆಗೊಂದು ಚೊಂಬು ಶುದ್ಧ ನೀರು ಹೊಯ್ಯಬೇಕು, ಅದಕ್ಕೆಂದೇ ಒಂದು ಬಾಟಲಿ ನೀರು ಪಕ್ಕದಲ್ಲಿರಲಿ. ಸರಪಳಿಗೆ ತಿಂಗಳಿಗೊಮ್ಮೆ ಗ್ರೀಸು. ಒಂದು ಜೊತೆ ವಾಶರು ಮನೆಯಲ್ಲಿ ಸದಾ ಇರಲಿ. ಹೀಗೆ ವಾರವಾರ ಹೊಡೆಯುವವರಿಗೆ ಇನ್ನೊಂದು ಲಾಭವಿದೆ. ನೀರು ಕೆಳಗಿಳಿದರೆ ಹಿಡಿ ಭಾರವಾಗುತ್ತದೆ, ತೋಳಿಗೆ ಮತ್ತೆ ಬಾವಿಯ ಲೆಕ್ಕ ಸಿಗುತ್ತದೆ.

ಕೈಪಂಪು ನೀರು ಹುಟ್ಟಿಸುವುದಿಲ್ಲ. ಮಟ್ಟ ಕುಸಿದರೆ ಅದು ಅಂಗಳದಲ್ಲಿ ನಿಂತ ಕಬ್ಬಿಣದ ಗೂಟವಷ್ಟೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ. ಸಾವಿರ ಚದರಡಿ ತಾರಸಿಯ ಮೇಲೆ ಅದು ಸುಮಾರು 90 ಸಾವಿರ ಲೀಟರ್. ಆವಿಯಾದದ್ದು, ಚೆಲ್ಲಿದ್ದು ಕಳೆದರೂ 70 ಸಾವಿರಕ್ಕೆ ಮೋಸವಿಲ್ಲ. 2009ರಿಂದಲೇ ಹೊಸದಾಗಿ ಕಟ್ಟುವ 30×40ರ ಮನೆಗೂ ಮಳೆನೀರು ಕೊಯ್ಲು ಕಡ್ಡಾಯ. ಜಯನಗರ ಐದನೇ ಬ್ಲಾಕಿನಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಪಾರ್ಕ್ ಇದೆ. ಹೋಗಿ ಕಣ್ಣಾರೆ ನೋಡಿ ಬರಬಹುದು. ತಾರಸಿಯ ನೀರನ್ನು ಸೋಸಿ ಇಂಗುಬಾವಿಗೆ ಬಿಟ್ಟವರ ಬಾವಿಯಲ್ಲಿ ಮಾತ್ರ ಕೈಪಂಪು ಬಹುಕಾಲ ಬಾಳುತ್ತದೆ.

ಆದ್ದರಿಂದ ಕೇಳುಗರಲ್ಲಿ ನನ್ನ ಬಿನ್ನಹ ಇಷ್ಟೆ. ಪಂಪಿನ ಅಂಗಡಿಗೆ ಹೋಗುವ ಮೊದಲು ಬಾವಿಯ ನೀರು ಅಳೆಯಿರಿ. 20 ಅಡಿಯೊಳಗಿದ್ದರೆ ಹೀರುಪಂಪು, 150 ಅಡಿಯೊಳಗಿದ್ದರೆ ಎತ್ತುಪಂಪು, ಅದಕ್ಕೂ ಕೆಳಗಿದ್ದರೆ ಸಂಪಿಗೊಂದು ಗಿಡ್ಡ ಪಂಪು ಹಾಕಿಸಿ, ಉಳಿದ ದುಡ್ಡಿನಲ್ಲಿ ಇಂಗುಬಾವಿ ತೋಡಿಸಿ.